ಮ್ಯಾನಿಫೋಲ್ಡಿನ ಮೀಸೆ

ಪ್ಲಾಸ್ಟಿಕ್ಕಿಗೂ ಮೀಸೆ ಬರುತ್ತದೆ ಎಂದರೆ ನೀವು ನಗಬಹುದು. ನಗುವ ಮುಂಚೆ ಬಚ್ಚಲುಮನೆಗೆ ಹೋಗಿ ಮಗ್ಗನ್ನು ಎತ್ತಿಕೊಂಡು ಅದರ ಹಿಡಿಕೆಯ ಉದ್ದಕ್ಕೂ ಒಮ್ಮೆ ಬೆರಳು ಸವರಿ ನೋಡಿ. ಎಲ್ಲೋ ಒಂದು ಕಡೆ ಸಣ್ಣ ಏಣು ತಗಲುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಸಂದಿಯಲ್ಲಿ ಕರಗಿದ ಪ್ಲಾಸ್ಟಿಕ್ಕು ಒಂದಿಷ್ಟು ಹೊರಗಿಣುಕಿ ಅಲ್ಲೇ ಗಟ್ಟಿಯಾಗಿಬಿಟ್ಟಿರುತ್ತದೆ. ಕಾರ್ಖಾನೆಯವರು ಅದನ್ನು ಬರ್ ಎನ್ನುತ್ತಾರೆ. ನಮ್ಮಮ್ಮ ಅದಕ್ಕೆ ಮೀಸೆ ಎಂದು ಹೆಸರಿಟ್ಟಳು. ಆ ಹೆಸರು ಕಾಮಾಕ್ಷಿಪಾಳ್ಯದ ನಮ್ಮ ವಠಾರದಲ್ಲೆಲ್ಲ ಹಬ್ಬಿ, ಕೊಳಾಯಿಯ ಹತ್ತಿರ ಹೆಂಗಸರು "ಇವತ್ತು ಎಷ್ಟು ಮೀಸೆ ತೆಗೆದ್ರಿ?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಆಗ ಯಾರಾದರೂ ಹೊಸ ನೆಂಟರು ಬಂದಿದ್ದರೆ ಅವರ ಮುಖ ನೋಡುವಂತಿರುತ್ತಿತ್ತು.

ಇದೆಲ್ಲ ಈಗ ನೆನಪಾಗಲು ಕಾರಣ, ಹೋದ ಶನಿವಾರ ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ನಮ್ಮ ಕಾರಿನ ಮ್ಯಾನಿಫೋಲ್ಡು ಮಲಗಿತ್ತು. ಮ್ಯಾನಿಫೋಲ್ಡು ಎಂದರೇನು ಎಂದು ನನಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ಹಂಚುವ ಸಾಮಾನು ಅದು. ಕಪ್ಪು ಪ್ಲಾಸ್ಟಿಕ್ಕಿನದು. ಒಂದು ಚೀಲದಂಥ ಭಾಗ, ಅದರಿಂದ ಹೊರಟ ನಾಲ್ಕು ಬಾಗಿದ ಕೊಳವೆಗಳು. ತಿರುಗಿಸಿ ಇಟ್ಟರೆ ಹಸುವಿನ ಕೆಚ್ಚಲೇ ಸರಿ. ನನ್ನ ಹೆಂಡತಿ ವಿಮಲಾ ಅಡುಗೆಮನೆಯಿಂದ ಬಂದು ಅದನ್ನು ನೋಡಿ, "ಏನ್ರೀ ಇದು, ಊಟದ ಮೇಜಿನ ಮೇಲೆ ಯಾಕೆ ಇಟ್ಟಿದೀರಾ?" ಎಂದು ಕೇಳಿದಳು. ಇಲ್ಲಿ ಬೆಳಕು ಚೆನ್ನಾಗಿದೆ ಎಂದೆ. ಬಿಚ್ಚಿದ್ದು ಯಾಕೆ ಎಂಬುದು ಬೇರೆ ಕತೆ.

ನಾನು ವಿಜಯನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಯಂತ್ರಗಳ ಪೈಕಿ ಸ್ಟೇಪ್ಲರ್ ಒಂದನ್ನು ಬಿಚ್ಚಿ ಜೋಡಿಸಿದ್ದೇನೆ, ಅದರಲ್ಲೂ ಒಂದು ಸ್ಪ್ರಿಂಗು ಮಿಕ್ಕಿತು. ಇಂಥವನು ಕಾರಿನ ಬಾನೆಟ್ಟು ಎತ್ತಿದ್ದಾದರೂ ಹೇಗೆ ಎನ್ನುತ್ತೀರಾ? ಕಾರು ಹಳೆಯದು. ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ಅದು ಏದುಸಿರು ಬಿಡುತ್ತದೆ, ಹಿಂದಿನವರು ಹಾರ್ನು ಹೊಡೆಯುತ್ತಾರೆ, ನಾನು ಕಿಟಕಿ ಏರಿಸಿ ಏನೂ ಕೇಳಿಸದವನಂತೆ ಕೂರುತ್ತೇನೆ. ಹೀಗಿರುವಾಗ ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಯಾವ ದೇಶದವನೋ, ಅವನ ಭಾಷೆಯ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅವನು ಮ್ಯಾನಿಫೋಲ್ಡಿನ ಕೊಳವೆಗಳ ಒಳಗೆ ಉಪ್ಪುಕಾಗದ ತೂರಿಸಿ ಉಜ್ಜಿ ಉಜ್ಜಿ ನುಣುಪು ಮಾಡಿದ. ಆಮೇಲೆ ಹೆಬ್ಬೆರಳೆತ್ತಿ ನಕ್ಕ. ಒಳಗೆ ನುಣುಪಾದರೆ ಗಾಳಿ ಸಲೀಸಾಗಿ ಓಡುತ್ತದೆ, ಕಾರು ಏದುಸಿರು ಬಿಡುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡೆ. ಅವನು ಹೇಳಿದ್ದು ಅದೇನೋ, ಅಥವಾ ಮನೆಯಲ್ಲಿ ಯಾರೂ ಹೀಗೆ ಮಾಡಬೇಡಿ ಎಂದನೋ, ದೇವರಿಗೇ ಗೊತ್ತು.

ವಿಡಿಯೊ ನೋಡಿ ಒಂದು ತಿಂಗಳಾಗಿತ್ತು. ಅಷ್ಟು ದಿನ ಸುಮ್ಮನಿದ್ದವನು ಸರಿಯಾಗಿ ಆ ಶನಿವಾರವೇ ಸ್ಪ್ಯಾನರ್ ಹಿಡಿದೆ. ಮಾರನೆಯ ದಿನ, ಭಾನುವಾರ, ಅಮ್ಮನನ್ನು ಕಾರಿನಲ್ಲಿ ನಂದಿನಿ ಲೇಔಟಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ದಾರಿಯಲ್ಲಿ ಏರು ಇದೆ, ಕಾರು ಸುಧಾರಿಸಲಿ ಎಂದು ಬಿಚ್ಚಿದೆ ಎಂದು ವಿಮಲಾಗೆ ಹೇಳಿದೆ. ಹೇಳುವಾಗಲೇ ನನಗೆ ಅನುಮಾನ ಬಂತು. ಕಾರು ಕೆಟ್ಟರೆ ಹೋಗುವುದೇ ತಪ್ಪುತ್ತದೆ ಎಂದು ನನ್ನೊಳಗಿನ ಇನ್ನೊಬ್ಬ ಎಣಿಸಿದ್ದನೆ? ಅವನನ್ನು ನಾನು ಎದುರಾಬದುರು ನೋಡಿಲ್ಲ, ಆದರೆ ಇದ್ದಾನೆ ಎಂದು ಗುಮಾನಿ.

ನಂದಿನಿ ಲೇಔಟಿನಲ್ಲಿ ಜಯಮ್ಮ ಇದ್ದರು. ಅವರ ವಿಷಯ ಹೇಳಬೇಕಾದರೆ ಮತ್ತೆ ವಠಾರಕ್ಕೇ ಹೋಗಬೇಕು.

ನಮ್ಮ ವಠಾರದಲ್ಲಿ ಎಂಟು ಮನೆ, ಒಂದು ಕೊಳಾಯಿ. ಗೋಡೆಯಾಚೆಯ ಮನೆ ಜಯಮ್ಮನದು. ರಾಜಾಜಿನಗರದ ಕಡೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಿಂದ ಮಾಲು ತುಂಬಿದ ಗೋಣಿಚೀಲಗಳು ಜಯಮ್ಮನ ಹೆಸರಿಗೆ ಬರುತ್ತಿದ್ದವು. ಅರ್ಧ ಅವರು ಇಟ್ಟುಕೊಂಡು ಅರ್ಧ ನಮ್ಮಮ್ಮನಿಗೆ ಕೊಡುತ್ತಿದ್ದರು. ಬಾಚಣಿಗೆ, ಸೋಪಿನ ಡಬ್ಬಿ, ಆಟಿಕೆ ಲಾರಿಯ ಚಕ್ರ, ಏನು ಬೇಕಾದರೂ ಇರಬಹುದು. ಮುರಿದ ಬ್ಲೇಡಿನ ಚೂರಿಗೆ ದಾರ ಸುತ್ತಿದರೆ ಅದೇ ನಮ್ಮ ಉಪಕರಣ. ಒಂದೊಂದನ್ನೇ ತೆಗೆದು, ಮೀಸೆ ಹೆರೆದು, ಇನ್ನೊಂದು ಚೀಲಕ್ಕೆ ಹಾಕಬೇಕು. ನನ್ನ ಬಾಲ್ಯದ ಆಟಿಕೆಗಳ ಬಗ್ಗೆ ಯಾರಾದರೂ ಕೇಳಿದರೆ ಸಾವಿರಾರು ಲಾರಿಗಳಿದ್ದವು ಎನ್ನುತ್ತೇನೆ. ಚಕ್ರಗಳು ಮಾತ್ರ.

ನುಣುಪಾಯಿತೋ ಇಲ್ಲವೋ ಎಂದು ನೋಡುವುದು ಬೆರಳಿನಿಂದಲ್ಲ. ಬ್ಲೇಡು ತಾಗಿ ತಾಗಿ ಆ ಹೆಂಗಸರ ಬೆರಳ ತುದಿಗಳು ದಡ್ಡುಗಟ್ಟಿದ್ದವು, ಅವಕ್ಕೆ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಸಾಮಾನನ್ನು ಕೆಳದುಟಿಯ ಮೇಲೆ ಒಮ್ಮೆ ಸವರಿಕೊಳ್ಳುವುದು. ಕೂದಲೆಳೆಯಷ್ಟು ಮೀಸೆ ಉಳಿದಿದ್ದರೂ ತುಟಿ ಹೇಳಿಬಿಡುತ್ತದೆ. ಮಧ್ಯಾಹ್ನ ಜಗಲಿಯ ಮೇಲೆ ಅಮ್ಮ, ಜಯಮ್ಮ ಅಕ್ಕಪಕ್ಕ ಕೂತು ಬಾಚಣಿಗೆಗಳನ್ನು ತುಟಿಗೆ ಇಟ್ಟು ಇಟ್ಟು ತೆಗೆಯುತ್ತಿದ್ದರೆ ಇಬ್ಬರೂ ಮೌತ್ ಆರ್ಗನ್ ಕಲಿಯುತ್ತಿರುವಂತೆ ಕಾಣುತ್ತಿತ್ತು.

ನಾನು ಎಡಚ. ಈಗಿನ ಮಕ್ಕಳಿಗೆ ಇದೊಂದು ವಿಷಯವೇ ಅಲ್ಲ, ಆಗ ಅದು ಕಾಯಿಲೆಗಿಂತ ಒಂದು ಕೈ ಮೇಲು. ಎಡಗೈಯಲ್ಲಿ ಬಳಪ ಹಿಡಿದರೆ ಮೇಷ್ಟ್ರು ಅಡಿಪಟ್ಟಿಯಿಂದ ಬೆರಳ ಗಿಣ್ಣಿಗೆ ಕೊಡುತ್ತಿದ್ದರು. ಎಡಗೈಯಲ್ಲಿ ಪ್ರಸಾದಕ್ಕೆ ಕೈಯೊಡ್ಡಿದರೆ ಪೂಜಾರಿ ಕೊಡದೆ ಮುಂದೆ ಹೋಗುತ್ತಿದ್ದ. ಬ್ಲೇಡು ಹಿಡಿದಾಗ ಮಾತ್ರ ನನ್ನನ್ನು ಯಾರೂ ತಿದ್ದುತ್ತಿರಲಿಲ್ಲ. ಎಡಗೈಯಲ್ಲಿ ನಾನು ಅಮ್ಮನಿಗಿಂತ ಚುರುಕಾಗಿ ಮೀಸೆ ತೆಗೆಯುತ್ತಿದ್ದೆ, ಅಮ್ಮ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಐದನೇ ಕ್ಲಾಸಿನ ಹುಡುಗನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು!

ಆ ವರ್ಷವೇ ಒಂದು ಸಲ ಅಮ್ಮ ಎರಡು ದಿನ ಮಾವನ ಮನೆಗೆ ಹೋಗಿದ್ದಳು. ಅವತ್ತೇ ಹೊಸ ಮಾಲು ಬಂತು. ಟಾನಿಕ್ ಬಾಟಲಿಯ ಮುಚ್ಚಳಗಳು, ಬೆಳ್ಳಗೆ. ಜಯಮ್ಮ ನಮ್ಮ ಪಾಲಿನ ಚೀಲವನ್ನು ಬಾಗಿಲೊಳಗೆ ಇಟ್ಟು, "ಅಮ್ಮ ಬಂದ್ಮೇಲೆ ಮಾಡ್ಲಿ ಕಣೋ ಸೀನ" ಎಂದು ಹೋದರು. ಅಮ್ಮ ಬರುವಷ್ಟರಲ್ಲಿ ಎಲ್ಲ ಮುಗಿಸಿ ಅವಳ ಕಣ್ಣರಳಿಸಬೇಕೆಂದು ನನಗೆ ಹುಕಿ ಬಂತು. ಕೂತೆ. ಮುಚ್ಚಳದ ಹೊರಗಡೆ ಎಂದಿನಂತೆ ಮೀಸೆ ಇತ್ತು, ತೆಗೆದೆ. ಒಳಗೆ ಇಣುಕಿ ನೋಡಿದರೆ ಅಲ್ಲೂ ಒಂದು ತೆಳ್ಳನೆಯ ಉಂಗುರದಂಥ ಮೀಸೆ. ಓಹೋ, ಇದು ಕಳ್ಳಮೀಸೆ, ಜಯಮ್ಮತ್ತೆಗೂ ಕಾಣಿಸಿರಲಿಕ್ಕಿಲ್ಲ ಎಂದು ಬೀಗಿದೆ. ಬ್ಲೇಡನ್ನು ಒಳಗೆ ತೂರಿಸಿ ಸುತ್ತಲೂ ಹೆರೆದೆ. ಒಂದು ಬಿಡಲಿಲ್ಲ. ಎರಡು ದಿನದಲ್ಲಿ ಇಡೀ ಚೀಲ ನುಣ್ಣಗಾಯಿತು. ಅಮ್ಮ ಬಂದು ನೋಡಿ, ಒಂದೆರಡನ್ನು ತುಟಿಗೆ ಸವರಿಕೊಂಡು, "ನನ್ ಬಂಗಾರ" ಎಂದಳು.

ಆ ಉಂಗುರ ಮೀಸೆಯಾಗಿರಲಿಲ್ಲ. ಔಷಧ ಸೋರದಂತೆ ಬಾಟಲಿಯ ಬಾಯನ್ನು ಕಚ್ಚಿ ಹಿಡಿಯುವುದು ಅದೇ ಎಂದು ಎಂಟು ದಿನದ ಮೇಲೆ ತಿಳಿಯಿತು. ಕಾರ್ಖಾನೆಯ ಸೂಪರ್‌ವೈಸರು ಸೈಕಲ್ಲಿನಲ್ಲಿ ಬಂದು, ಕ್ಯಾರಿಯರಿನಿಂದ ಚೀಲ ಇಳಿಸಿ, ವಠಾರದ ನಡುವೆ ಮುಚ್ಚಳಗಳನ್ನು ಸುರಿದ. ಒಂದನ್ನು ಎತ್ತಿ ಹಿಡಿದು, "ಲಿಪ್ ಎಲ್ಲಮ್ಮಾ? ಲಿಪ್ ಎಲ್ಲಿ?" ಎಂದು ಕೂಗಿದ. ಕೊಳಾಯಿಯ ಬಳಿಯಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರಿಗೆ ಗೊತ್ತಿದ್ದ ಲಿಪ್ ಒಂದೇ, ಬಾಯಿಯ ತುಟಿ; ಅವನು ಕೇಳುತ್ತಿದ್ದದ್ದು ಆ ಉಂಗುರವನ್ನು. ಜಯಮ್ಮ ನಗಲಿಲ್ಲ, ಬಗ್ಗಿ ಒಂದು ಮುಚ್ಚಳ ಎತ್ತಿಕೊಂಡರು, ಅವರ ಮುಖ ಬಿಳಿಚಿಕೊಂಡಿತು. "ಅರ್ಧ ಮಾಲು ಸರಿಯಾಗಿದೆ, ಅರ್ಧ ಹಿಂಗೆ ಹಾಳಾಗಿದೆ. ಯಾರ್ ಮಾಡಿದ್ದು?" ಎಂದು ಅವನು ಕೇಳಿದ. ಅಮ್ಮ ನಮ್ಮ ಹೊಸಿಲ ಮೇಲೆ ನಿಂತಿದ್ದಳು, ನಾನು ಅವಳ ಹಿಂದೆ. ಅಮ್ಮ ಬಾಯಿ ತೆರೆದದ್ದನ್ನು ಕಂಡೆ. ತಿರುಗಿ ಒಮ್ಮೆ ನನ್ನನ್ನು ನೋಡಿದ್ದನ್ನೂ ಕಂಡೆ. ಬಾಯಿ ಮುಚ್ಚಿಕೊಂಡಳು.

"ನಾನೇ ಮಾಡಿದ್ದು ಸಾರ್" ಎಂದರು ಜಯಮ್ಮ.

ಆಮೇಲೆ ನಮ್ಮ ವಠಾರಕ್ಕೆ ಗೋಣಿಚೀಲ ಬರಲಿಲ್ಲ. ಅಮ್ಮ ನನ್ನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಡಬ್ಬಿಯಲ್ಲಿ ಹಾಕಿಟ್ಟಳು, ಅಷ್ಟೆ. ಹೊಡೆದಿದ್ದರೆ ಅವತ್ತೇ ಅತ್ತು ಮುಗಿಸುತ್ತಿದ್ದೆ. ಜಯಮ್ಮ ಮೂರು ತಿಂಗಳಲ್ಲಿ ಮನೆ ಖಾಲಿ ಮಾಡಿ ಸುಂಕದಕಟ್ಟೆಗೆ ಹೋದರು, ಅಗರಬತ್ತಿ ಹೊಸೆಯಲು ಸೇರಿಕೊಂಡರಂತೆ. ಸುಂಕದಕಟ್ಟೆ ಮಹಾ ಎಷ್ಟು ದೂರ! ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿದ್ದೇ ತಡ, ಇಳಿಯಬೇಕು. ಆದರೂ ಅಮ್ಮ ಹೋಗಲಿಲ್ಲ. ನಾನೂ ಎಡಗೈಯನ್ನು ಕೆಲಸದಿಂದ ಬಿಡಿಸಿದೆ. ಬರೆಯುವುದು, ಬಡಿಸುವುದು, ಎಲ್ಲ ಬಲಗೈಯಲ್ಲೇ ಕಲಿತೆ. ಇವತ್ತಿಗೂ ನನ್ನ ಬಲಗೈಯಲ್ಲಿ ತೀರ್ಥ ಅರ್ಧ ಚೆಲ್ಲುತ್ತದೆ.

ಇಷ್ಟೆಲ್ಲ ಮೂವತ್ತೈದು ವರ್ಷದ ಕೆಳಗೆ ಮುಗಿದುಹೋಗಿತ್ತು. ಹದಿನೈದು ದಿನದ ಹಿಂದೆ ಕಾಲೇಜಿನ ಕೌಂಟರಿಗೆ ಮಗನ ಟಿ.ಸಿ. ಕೇಳಿಕೊಂಡು ಒಬ್ಬ ಹೆಂಗಸು ಬಂದಳು. ನನ್ನ ಮುಖವನ್ನೇ ನೋಡುತ್ತಾ, "ನೀವು ಕಾಮಾಕ್ಷಿಪಾಳ್ಯದ ಸೀನಣ್ಣ ಅಲ್ವಾ?" ಎಂದಳು. ಜಯಮ್ಮನ ಮಗಳು ಗೀತಾ. ಅವರಮ್ಮ ನಂದಿನಿ ಲೇಔಟಿನಲ್ಲಿ ಇವಳ ಮನೆಯಲ್ಲೇ ಇದ್ದಾರೆ, ಮುಂದಿನ ತಿಂಗಳ ಮೊದಲ ಸೋಮವಾರ ಮಗ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತಾನೆ, ಇನ್ನು ಅಲ್ಲೇ ಇರುವುದು ಎಂದಳು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತೋ, ಹೇಳಲೇಬೇಕಿತ್ತೋ. ಅಮ್ಮ ಹುರುಳಿಕಾಯಿ ಮುರಿಯುತ್ತಿದ್ದವಳು ತಟ್ಟೆ ಕೆಳಗಿಟ್ಟಳು.

"ಅವಳು ಹೋಗೋದ್ರೊಳಗೆ ಒಂದ್ಸಲ ಕರ್ಕೊಂಡು ಹೋಗೋ. ಜಯಂಗೆ ಒಂದು ಮಾತು ಹೇಳೋದಿದೆ. ಹೇಳ್ದೆ ಸತ್ರೆ ನನ್ ಜೀವ ಹೋಗಲ್ಲ ಕಣೋ."

ಯಾವ ಮಾತು ಎಂದು ನಾನು ಕೇಳಲಿಲ್ಲ. ನನಗೂ ವಯಸ್ಸು ಐವತ್ತರ ಹತ್ತಿರ, ಆದರೆ ಎದೆಯೊಳಗೆ ಆ ಐದನೇ ಕ್ಲಾಸಿನವನು ಚಡ್ಡಿ ಏರಿಸಿಕೊಂಡು ಎದ್ದು ನಿಂತ. ಅವನಿಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ.

ಹೀಗೆ ಬಂತು ಶನಿವಾರ. ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ನಾನು ಬೋಲ್ಟುಗಳನ್ನು ಬಿಚ್ಚಿದೆ. ಒಂದು ಬೋಲ್ಟು ಎಂಜಿನ್ನಿನ ಹಿಂದೆ ಅವಿತುಕೊಂಡಿತ್ತು, ಬಲಗೈ ಅಲ್ಲಿಗೆ ಹೋಗಲೇ ಇಲ್ಲ. ಬೇರೆ ದಾರಿಯಿಲ್ಲದೆ ಎಡಗೈ ಹಾಕಿದೆ, ಸರಾಗ ಬಂತು. ಆಮೇಲೆ ಮೇಜಿನ ಮೇಲೆ ಉಪ್ಪುಕಾಗದ ಹಿಡಿದಿದ್ದೂ ಎಡಗೈಯಲ್ಲೇ ಎಂದು ತುಂಬ ಹೊತ್ತಾದ ಮೇಲೆ ಗಮನಿಸಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಗೆ ಕಾಗದ ಸುತ್ತಿ, ನೀರು ಮುಟ್ಟಿಸಿ, ಒಂದೊಂದೇ ಕೊಳವೆಯೊಳಗೆ ತೂರಿಸಿ ಉಜ್ಜುವುದು. ಕರೀ ನೀರು ಇಳಿಯುತ್ತಿತ್ತು. ಉಜ್ಜುವ ಸದ್ದು, ಆ ಪ್ಲಾಸ್ಟಿಕ್ಕಿನ ವಾಸನೆ. ನನಗೆ ಎಷ್ಟು ಸುಖವಾಯಿತೆಂದರೆ ನಾಚಿಕೆಯಾಯಿತು.

ಅಮ್ಮ ಕೋಲೂರಿಕೊಂಡು ಬಂದು ಎದುರು ಕೂತಳು. ಕೊಳವೆಯ ಸಂದಿಯ ಮೇಲೆ ಬೆರಳಾಡಿಸಿ, "ಅಯ್ಯೋ, ಇದಕ್ಕೂ ಮೀಸೆ ಬಂದಿದೆಯಲ್ಲೋ!" ಎಂದಳು. ಅವಳ ದನಿಯಲ್ಲಿ ಅಷ್ಟು ಖುಷಿಯನ್ನು ಮಂಡಿ ಆಪರೇಷನ್ ಆದಮೇಲೆ ನಾನು ಕೇಳಿರಲಿಲ್ಲ.

"ಇದೆ ಅಮ್ಮ. ಎರಡು ಹೋಳು ಮಾಡಿ ಅಂಟಿಸಿರ್ತಾರೆ."

"ಆ ಕಡೆ ಇನ್ನೂ ಇದೆ ನೋಡು. ಬ್ಲೇಡ್ ಹಾಕು, ಕಾಗದಕ್ಕೆ ಬಗ್ಗಲ್ಲ ಅದು."

ಬ್ಲೇಡು ಹಾಕಿದೆ. ಒಳಗಿನದು ಮುಗಿಯಿತು. ಕೈ ಸುಮ್ಮನಿರಬೇಕಲ್ಲ! ನಾಲ್ಕು ಕೊಳವೆಗಳು ಎಂಜಿನ್ನಿಗೆ ಕೂರುವ ಬಾಯಿಗಳ ಸುತ್ತ ಒಂದೊಂದು ತೆಳುವಾದ ಅಂಚು ಎದ್ದಿತ್ತು. ಇದೂ ಮೀಸೆಯೇ ಎಂದು ಹೆರೆದೆ. ನಾಲ್ಕನ್ನೂ ಹೆರೆದು, ಉಜ್ಜಿ, ಬೆಳಕಿಗೆ ಹಿಡಿದು ನೋಡಿ ತೃಪ್ತಿಪಟ್ಟೆ.

ನೀವು ಈಗಾಗಲೇ ತಲೆ ಚಚ್ಚಿಕೊಂಡಿರುತ್ತೀರಿ. ನನಗೆ ತಿಳಿದದ್ದು ಮಧ್ಯಾಹ್ನ, ಎಲ್ಲವನ್ನೂ ಜೋಡಿಸಿ ಕೀ ತಿರುಗಿಸಿದ ಮೇಲೆ. ಕಾರು ಸ್ಟಾರ್ಟಾಯಿತು. ಜೊತೆಗೆ ಸುಂಯ್ ಎಂದು ಸಿಳ್ಳೆ ಹೊಡೆಯತೊಡಗಿತು. ಎಂಜಿನ್ನು ಒಮ್ಮೆ ಬೊಬ್ಬಿರಿಯುತ್ತದೆ, ಒಮ್ಮೆ ಸಾಯುವಂತಾಗುತ್ತದೆ, ಮತ್ತೆ ಬೊಬ್ಬಿರಿಯುತ್ತದೆ. ಹೊಸಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ನವಾಜನಿಗೆ ಫೋನು ಮಾಡಿ, ಫೋನನ್ನೇ ಬಾನೆಟ್ಟಿನ ಹತ್ತಿರ ಹಿಡಿದೆ.

"ಎಲ್ಲೋ ಸಂದಿಯಿಂದ ಗಾಳಿ ಎಳೀತಾ ಇದೆ ಸಾರ್. ಯಾರ್ ಬಿಚ್ಚಿದ್ದು?"

"ನಾನೇ."

"ಕ್ಯಾ ಸಾರ್ ನೀವು! ಬಾಯಿ ಸುತ್ತ ಅಂಚು ಇರ್ತದಲ್ಲ, ಅದನ್ನೇನೂ ಮುಟ್ಟಿಲ್ಲ ತಾನೆ? ರಬ್ಬರ್ ರಿಂಗ್ ಕೂರೋದೇ ಅದ್ರ ಮೇಲೆ."

ಮುಟ್ಟಿದ್ದೇನೆ ಎಂದೆ.

"ಯಾಕೆ ಸಾರ್?"

ಪಾಪ, ಅವನು ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. ಇನ್ನು ಗಾಡಿ ಓಡಿಸಬೇಡಿ, ಆ ಸಾಮಾನು ಬಿಚ್ಚಿಡಿ, ಬುಧವಾರ ಬೇರೆಯದು ತಂದು ಹಾಕುತ್ತೇನೆ ಎಂದ.

ಮತ್ತೆ ಬಿಚ್ಚಿದೆ. ಮತ್ತೆ ಮೇಜಿನ ಮೇಲೆ ತಂದಿಟ್ಟೆ. ಅಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಮೊದಲ ಕೊಳವೆಯ ಬಾಯನ್ನು ಕೆಳದುಟಿಗೆ ಸವರಿದಳು. ಎರಡನೆಯದನ್ನು ಸವರಿದಳು. ಅಲ್ಲಿಗೆ ನಿಲ್ಲಿಸಿದಳು.

"ಸೀನಾ, ಇಲ್ಲೊಂದು ತುಟಿ ಇತ್ತಾ?"

"ಇತ್ತು."

ಅಷ್ಟೇ ಮಾತು. ಮೂವತ್ತೈದು ವರ್ಷದಲ್ಲಿ ನಾವಿಬ್ಬರೂ ಆ ಮುಚ್ಚಳಗಳ ಬಗ್ಗೆ ಆಡಿದ್ದು ಅದೊಂದೇ ಮಾತು, ಅದೂ ಮುಚ್ಚಳಗಳ ಹೆಸರೆತ್ತದೆ. ಅಮ್ಮ ಮ್ಯಾನಿಫೋಲ್ಡನ್ನು ತನ್ನ ಹಳೆಯ ಟವೆಲಿನಲ್ಲಿ ಸುತ್ತಿ ಬಟ್ಟೆಯ ಚೀಲದೊಳಗೆ ಇಟ್ಟುಕೊಂಡಳು. "ಅದನ್ನ ಎಲ್ಲಿಗೆ ತಗೊಂಡು ಹೋಗ್ತೀಯಾ ಅಮ್ಮ?" ಎಂದೆ. "ಇರ್ಲಿ" ಎಂದಳು.

ಭಾನುವಾರ ಮೂರು ಸಲ ಕ್ಯಾಬು ಬುಕ್ಕಾಗಿ ಮೂರು ಸಲವೂ ಕ್ಯಾನ್ಸಲ್ಲಾಯಿತು. ಇನ್ನೊಂದು ದಿನ ಹೋಗೋಣ ಎನ್ನಲು ನಾನು ಬಾಯಿ ತೆರೆದೆ, ನಾಳೆಯೇ ಜಯಮ್ಮ ಹೊರಡುವ ಸೋಮವಾರ ಎಂಬುದು ನೆನಪಾಗಿ ಮುಚ್ಚಿದೆ. ನನ್ನೊಳಗಿನ ಆ ಇನ್ನೊಬ್ಬ ಮಾತ್ರ ಆಸೆಯಿಂದ ಕಾದಿದ್ದ. ಅಮ್ಮ ಅವನಿಗೆ ಅವಕಾಶ ಕೊಡಲಿಲ್ಲ. "ಆಟೋ ಕರಿ" ಎಂದಳು. ಮಂಡಿ ಆಪರೇಷನ್ ಆದಮೇಲೆ ಆಟೋ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದವಳು ಇವಳೇ. ವಿಮಲಾ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದು ಆಟೋದ ಮುಂದಿಟ್ಟಳು, ನಾನು ಈ ಕಡೆಯಿಂದ, ಡ್ರೈವರು ಆ ಕಡೆಯಿಂದ ಹಿಡಿದು ಹತ್ತಿಸಿದೆವು. ಇಳಿಯುವಾಗಲೂ ಬೇಕಲ್ಲ, ಸ್ಟೂಲು ನಮ್ಮ ಜೊತೆಯೇ ಬಂತು. ಅಮ್ಮನ ತೊಡೆಯ ಮೇಲೆ ಮ್ಯಾನಿಫೋಲ್ಡು, ನನ್ನ ತೊಡೆಯ ಮೇಲೆ ಸ್ಟೂಲು. ಕುರುಬರಹಳ್ಳಿ ದಾಟುವಾಗ ಡ್ರೈವರು ಕನ್ನಡಿಯಲ್ಲಿ ನೋಡಿ, "ಮನೆ ಶಿಫ್ಟಿಂಗಾ ಅಣ್ಣ?" ಎಂದ. ಹೌದು ಎಂದೆ. ಅದನ್ನಾದರೂ ಯಾಕೆ ಹೌದೆಂದೆನೋ.

ಜಯಮ್ಮ ಸಣ್ಣಗಾಗಿದ್ದರು. ಬಾಗಿಲಲ್ಲೇ ಅಮ್ಮನ ಗಲ್ಲ ಹಿಡಿದು, "ರತ್ನಕ್ಕ, ಕೂದ್ಲೆಲ್ಲ ಎಲ್ಲೋಯ್ತೇ?" ಎಂದರು. ಇಬ್ಬರೂ ಸೋಫಾದಲ್ಲಿ ಅಕ್ಕಪಕ್ಕ ಕೂತರು. ಗೀತಾ ಕಾಫಿ ತಂದಳು, ಒಳಗೆ ಹೋಗಿ ಸೂಟ್‌ಕೇಸಿಗೆ ಬಟ್ಟೆ ತುಂಬತೊಡಗಿದಳು. ಮಂಡಿ ನೋವಿನ ಮಾತಾಯಿತು. ಸಕ್ಕರೆ ಕಾಯಿಲೆಯ ಮಾತಾಯಿತು. ವಠಾರ ಕೆಡವಿ ಅಲ್ಲಿ ಏನು ಕಟ್ಟಿದ್ದಾರೆ ಎಂಬ ಮಾತಾಯಿತು. ಅಮ್ಮ ಹೇಳಬೇಕಾದ ಮಾತು ಮಾತ್ರ ಬರಲಿಲ್ಲ. ಎರಡು ಸಲ "ಜಯಾ..." ಎಂದು ಶುರು ಮಾಡಿದಳು. ಒಂದು ಸಲ ಅದು ಕಾಫಿಯಲ್ಲಿ ಮುಗಿಯಿತು, ಇನ್ನೊಂದು ಸಲ ಹುಬ್ಬಳ್ಳಿಯ ಸೆಕೆಯಲ್ಲಿ. ಅಮ್ಮ ಕೋಲು ಕೈಗೆ ತೆಗೆದುಕೊಂಡಳು. ಹೇಳದೆಯೇ ಎದ್ದುಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅವಳು ಹೇಳದೆ ಎದ್ದರೆ ಸಾಕು ಎಂದು ನಿನ್ನೆಯವರೆಗೆ ಬೇಡಿಕೊಳ್ಳುತ್ತಿದ್ದವನೂ ನಾನೇ.

ಕೊನೆಗೆ ಅಮ್ಮ ಚೀಲದಿಂದ ಟವೆಲು ತೆಗೆದು, ಬಿಚ್ಚಿ, ಮ್ಯಾನಿಫೋಲ್ಡನ್ನು ಜಯಮ್ಮನ ಮಡಿಲಿಗೆ ಇಟ್ಟಳು.

"ನೋಡೇ ಜಯಾ. ಇವನು ಏನ್ ಮಾಡಿದಾನೆ ನೋಡು."

ಅದೇನು, ಎಲ್ಲಿಯದು ಎಂದು ಜಯಮ್ಮ ಕೇಳಲೇ ಇಲ್ಲ. ಅವರ ಬೆರಳು ಸೀದಾ ಸಂದಿಗೆ ಹೋಯಿತು. ಅದನ್ನು ಎತ್ತಿ, ಕೊಳವೆಯ ಬಾಯನ್ನು ತುಟಿಗೆ ಸವರಿಕೊಂಡರು. ಕಿಟಕಿಯ ಬೆಳಕಿಗೆ ತಿರುಗಿಸಿ ಹೆರೆದ ಗುರುತನ್ನು ನೋಡಿದರು. ಆಮೇಲೆ ನಕ್ಕುಬಿಟ್ಟರು, ಹಲ್ಲಿಲ್ಲದ ನಗು.

"ಅವತ್ತಿನ್ ಥರಾನೇ ತುಟಿ ಕುಯ್ದವ್ನೆ! ಅದೇ ಎಡಗೈ ಕುಯ್ತ ಕಣೇ ರತ್ನಕ್ಕ. ಎಡ್ಗಡೆಯಿಂದ ಇಳ್ಕೊಂಡು ಬರ್ತದೆ ನೋಡು."

ಅಮ್ಮ ಅವರ ಕಡೆ ತಿರುಗಿದಳು. "ನಿಂಗೆ... ಗೊತ್ತಿತ್ತಾ?"

"ಮುಚ್ಚಳ ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ವಠಾರದಾಗೆ ಎಡಚ ಇದ್ದಿದ್ದು ಒಬ್ನೇ ತಾನೆ?"

"ಗೊತ್ತಿದ್ದೂ ನಾನೇ ಮಾಡಿದ್ದು ಅಂದ್ಯಾ? ನಾನು ಅಲ್ಲೇ ನಿಂತಿದ್ದೆ ಕಣೇ. ಬಾಯಿ ಬಿಡ್ಲಿಲ್ಲ ನಾನು. ನಿನ್ ಕೆಲಸ ಹೋಯ್ತು, ಮನೇನೂ ಬಿಟ್ಟು ಹೋದೆ. ಅದನ್ನೇ ಹೇಳೋಕೆ ಬಂದೆ ಜಯಾ. ತಪ್ಪು ನಂದು."

ಅಮ್ಮ ಅಳುತ್ತಿದ್ದಳು. ಜಯಮ್ಮ ಅವಳ ಕೈ ಹಿಡಿದುಕೊಂಡು ತಮ್ಮ ಸೀರೆಯ ಅಂಚನ್ನೇ ನೋಡುತ್ತಾ ಕೂತರು. ಎಪ್ಪತ್ತು ದಾಟಿದ ಮುಖ ಕೆಂಪಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

"ನಿಂದೆಲ್ಲಿ ಬಂತು ತಪ್ಪು, ನಂದು ಕಣೇ. ಆ ಮಾಲು ಕೊಡೋವಾಗ ಆ ಸೂಪರ್‌ವೈಸರು ನಂಗೆ ಹೇಳಿದ್ದ. 'ಜಯಮ್ಮಾ, ಲಿಪ್ ಜೋಪಾನ' ಅಂದ. ನಾವು ತುಟಿಗೆ ಇಟ್ಟು ನೋಡ್ತೀವಲ್ಲ, ತುಟಿ ಕುಯ್ಕೊಂಡಾರು ಅಂತ ಹೇಳ್ತಾವ್ನೆ ಅಂದ್ಕೊಂಡೆ. ಎಂಥಾ ಒಳ್ಳೇ ಮನುಷ್ಯ, ನಮ್ ತುಟಿ ಬಗ್ಗೆ ಯೋಚ್ನೆ ಮಾಡ್ತಾನಲ್ಲಾ ಅಂತ... ಎರಡು ದಿನ ಖುಷಿಯಾಗಿದ್ದೆ ಕಣೇ. ಗಂಡಸು ನನ್ ತುಟಿ ವಿಚಾರ ಮಾತಾಡ್ದ ಅಂತ ಚೀಲ ಇಡೋವಾಗ ಮಗು ಹತ್ರ ಹೆಂಗೆ ಹೇಳ್ಲಿ? ನೀನು ಮನೇಲಿದ್ದು ಹೇಳಿದ್ರೆ ನೀನಾದ್ರೂ ಕೇಳ್ತಿದ್ದೆ, ಯಾವ ತುಟಿ ಅಂತ. ಅವನು ಬಂದು ಮುಚ್ಚಳ ಹಿಡ್ಕೊಂಡು ಲಿಪ್ ಎಲ್ಲಿ ಅಂದಾಗ ಗೊತ್ತಾಯ್ತು. ನಾನೇ ಮಾಡಿದ್ದು ಅನ್ನದೆ ಇನ್ನೇನ್ ಅನ್ಲಿ? ಆಮೇಲೆ ನಿನ್ ಮುಖ ನೋಡೋಕಾಗ್ದೆ ಮನೆ ಬಿಟ್ಟೆ."

ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದವಳು ಕೈಯನ್ನು ಅಲ್ಲೇ ನಿಲ್ಲಿಸಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಎಂಥದೋ ನಗು ಎದ್ದು ಬಂತು. ಜಯಮ್ಮನೂ ಸೇರಿಕೊಂಡರು. ಇಬ್ಬರೂ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಕೆಮ್ಮಿದರು, ಕೆಮ್ಮಿ ಮತ್ತೆ ನಕ್ಕರು. ಗೀತಾ ಒಳಗಿನಿಂದ ಓಡಿ ಬಂದು ಏನಾಯಿತು ಎಂದು ನನ್ನನ್ನು ಕೇಳಿದಳು. ನಗು ನಿಂತ ಮೇಲೆ ಜಗಳ ಶುರುವಾಯಿತು. ತಪ್ಪು ನಂದು ಎಂದು ಅಮ್ಮ, ಅಲ್ಲ ನಂದು ಎಂದು ಜಯಮ್ಮ. ಒಬ್ಬರೂ ಬಿಟ್ಟುಕೊಡುವವರಲ್ಲ.

ನಾನು ತಣ್ಣಗಾದ ಕಾಫಿ ಹಿಡಿದು ಕೂತಿದ್ದೆ. ಅದು ನನ್ನ ತಪ್ಪು ಎಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಮದುವೆಯಾದಾಗ, ಕೆಲಸ ಖಾಯಮ್ಮಾದಾಗ, ಎಲ್ಲೋ ಒಂದು ಕಡೆ ಅದು ಇತ್ತು. ಈಗ ಇಬ್ಬರು ಮುದುಕಿಯರು ನನ್ನ ಕಣ್ಣೆದುರೇ ಅದನ್ನು ಎಳೆದಾಡಿ ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಎಷ್ಟು ಉಳಿಯಿತು ಎಂದು ಕೇಳುವ ಹಾಗೂ ಇಲ್ಲ. ಹಗುರವಾಯಿತೇ? ಆಯಿತು ಎಂದೇ ಹೇಳಬೇಕು. ಆದರೆ ತುಂಬ ಹೊತ್ತು ಹೊತ್ತಿದ್ದ ಚೀಲವನ್ನು ಯಾರಾದರೂ ಇಸಿದುಕೊಂಡಾಗ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲವಲ್ಲ, ಹಾಗೆ ಕೂತಿದ್ದೆ.

ಹೊರಡುವ ಹೊತ್ತಾಯಿತು. ಆಟೋ ಬಂತು, ಸ್ಟೂಲನ್ನು ಗೀತಾ ಹಿಡಿದುಕೊಂಡು ಅಮ್ಮನ ಜೊತೆ ಹೊರಗೆ ಹೋದಳು. ಜಯಮ್ಮ ಮ್ಯಾನಿಫೋಲ್ಡನ್ನು ಟವೆಲಿನಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು.

"ತುಟಿ ಯಾವುದು, ಮೀಸೆ ಯಾವುದು ಅಂತ ನಿಂಗೆ ಯಾರೂ ಹೇಳ್ಕೊಡ್ಲಿಲ್ಲ ಮಗ. ಹೇಳ್ಕೊಡ್ಬೇಕಾದೋಳು ನಾನು."

"ಇರ್ಲಿ ಬಿಡಿ ಅತ್ತೆ" ಎಂದು ಬಲಗೈ ಚಾಚಿದೆ. ಅವರು ಕೊಡಲಿಲ್ಲ, ಹಿಂದಕ್ಕೆ ಎಳೆದುಕೊಂಡರು.

"ಆ ಕೈಲಿ ಯಾಕೆ?" ಎಂದರು. "ನಿನ್ ಕೈಲಿ ತಗೋ."